ಭಂಗಾರವೊ, ಬಂಗಾರವೊ? ಹಳೆಯ ಹಗುರ ಲ್ಯಾಪ್‌ಟಾಪಿನ ಒಡೆತನದ ವಿಚಾರ

ಮುಂಬಯಿಯ ಲೋಕಲ್ ಗಾಡಿಯಲ್ಲಿ ದಿನಂಪ್ರತಿ ಸಂಚರಿಸುವವರಿಗೆ ತೂಕವೆಂದರೇನೆಂಬುದನ್ನು ಬೇರೊಬ್ಬರು ಬೋಧಿಸಬೇಕಾಗಿಲ್ಲ. ಬೆಳಗಿನ ಎಂಟೂವರೆಯ ವೇಳೆಗೆ ಮುಲುಂಡ್ ನಿಲ್ದಾಣಕ್ಕೆ ಬಂದು ನಿಲ್ಲುವ ಗಾಡಿಯು ಕಲ್ಯಾಣ, ಡೊಂಬಿವಲಿ, ಠಾಣೆಗಳ ಜನರಿಂದ ಆಗಲೇ ತುಂಬಿ ತುಳುಕುತ್ತಿರುತ್ತದೆ. ಅದರೊಳಗೆ ಕಾಲಿಡಲು ಎಡೆ ದೊರೆತರೆ ಅದೇ ಪುಣ್ಯ. ಬೆನ್ನ ಮೇಲಿನ ಚೀಲವನ್ನು ಎದೆಗೆ ತಂದು ಅಪ್ಪಿಕೊಂಡು ನಿಲ್ಲುವುದು ಇಲ್ಲಿಯ ಅಲಿಖಿತ ಶಿಷ್ಟಾಚಾರ. ಆ ಚೀಲದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಮಳೆಗಾಲವಾದರೆ ಕೊಡೆ, ಇವುಗಳೊಡನೆ ಈಗ ಲ್ಯಾಪ್‌ಟಾಪು ಸೇರಿಕೊಂಡಿದೆ. ಅಗ್ಗದ ದೊಡ್ಡ ಪರದೆಯ ಯಂತ್ರವಾದರೆ ಎರಡು ಕಿಲೋದ ಸುಮಾರು. ಹಗುರ ಜಾತಿಯದಾದರೆ ಒಂದೂಕಾಲು, ಒಂದೂವರೆ ಕಿಲೋ. ಈ ಅರ್ಧ, ಮುಕ್ಕಾಲು ಕಿಲೋದ ಅಂತರವು ಅಂಗಡಿಯ ಮೇಜಿನ ಮೇಲೆ ಅಲ್ಪವಾಗಿ ಕಂಡೀತು. ಮುಲುಂಡಿನಿಂದ ದಾದರಿನವರೆಗೆ ನಿಂತೇ ಹೋಗುವವರ ಭುಜಕ್ಕೆ ಅದು ಅಲ್ಪವಲ್ಲ.

ಆದರೆ ಹಗುರವಾದುದಕ್ಕೆ ಯಾವಾಗಲೂ ಬೆಲೆ ಭಾರ. ಹೊಸ ಹಗುರ ಲ್ಯಾಪ್‌ಟಾಪಿನ ಬೆಲೆಯನ್ನು ಕೇಳಿ ಹಿಂದಿರುಗಿದ ತಂದೆತಾಯಂದಿರು ನಮ್ಮ ಸಮಾಜದಲ್ಲಿ ವಿರಳರೇನೂ ಅಲ್ಲ. ಅಂಥವರಿಗೆ ಉಳಿಯುವ ದಾರಿ ಒಂದೇ: ಇನ್ನೊಬ್ಬರು ಬಳಸಿ ಬಿಟ್ಟ, ಏಳೆಂಟು ವರ್ಷ ಹಳೆಯದಾದ ಯಂತ್ರ. ಮುಂಬಯಿಯ ಆಡುಮಾತಿನಲ್ಲಿ ಗುಜರಿ ಸಾಮಾನಿಗೆ ‘ಭಂಗಾರ್’ ಎಂದು ಹೆಸರು. ಊರಿನಿಂದ ಹೊಸದಾಗಿ ಬಂದ ಕನ್ನಡಿಗನು ಬೀದಿಯಲ್ಲಿ ‘ಭಂಗಾರ್, ಭಂಗಾರ್’ ಎಂಬ ಕೂಗನ್ನು ಕೇಳಿ, ಚಿನ್ನವನ್ನು ಕೈಗಾಡಿಯಲ್ಲಿ ಮಾರುವ ಪಟ್ಟಣವಿದು ಎಂದು ಬೆರಗಾದನೆಂಬ ವಿನೋದವು ನಮ್ಮವರಲ್ಲಿ ಹಳೆಯದು. ಒಂದು ಮಹಾಪ್ರಾಣದ ಅಂತರವಷ್ಟೆ. ಹಳೆಯ ಲ್ಯಾಪ್‌ಟಾಪು ಈ ಎರಡರಲ್ಲಿ ಯಾವುದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಧಿಕಾರಿಯ ಕೈಯಿಂದ ವಿದ್ಯಾರ್ಥಿಯ ಕೈಗೆ

ಹಗುರ ಲ್ಯಾಪ್‌ಟಾಪು ಮೊದಲಿಗೆ ಹುಟ್ಟಿದ್ದು ನಮ್ಮಂಥವರಿಗಾಗಿ ಅಲ್ಲ. ವಿಮಾನದಲ್ಲಿ ಊರೂರು ಸುತ್ತುವ ಕಂಪನಿಯ ಅಧಿಕಾರಿಗಳಿಗಾಗಿ ಅದನ್ನು ರೂಪಿಸಿದರು. ಐ.ಬಿ.ಎಂ. ಕಂಪನಿಯು 1992ರಲ್ಲಿ ‘ಥಿಂಕ್‌ಪ್ಯಾಡ್’ ಎಂಬ ಕಪ್ಪು ಪೆಟ್ಟಿಗೆಯನ್ನು ಹೊರತಂದಿತು. 2000ದಲ್ಲಿ ಅದರ ಹಗುರ ಶಾಖೆಯಾದ ‘ಎಕ್ಸ್’ ಮಾಲಿಕೆಯು ಆರಂಭವಾಯಿತು. 2005ರಲ್ಲಿ ಐ.ಬಿ.ಎಂ.ನ ಈ ವ್ಯವಹಾರವು ಚೀನದ ಲೆನೊವೊ ಕಂಪನಿಯ ಕೈಸೇರಿತು. 2008ರ ಜನವರಿಯಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಕಚೇರಿಯ ಲಕೋಟೆಯೊಂದರಿಂದ ‘ಮ್ಯಾಕ್‌ಬುಕ್ ಏರ್’ ಯಂತ್ರವನ್ನು ಹೊರತೆಗೆದು ಸಭಿಕರಿಗೆ ತೋರಿಸಿದರು. 2011ರಲ್ಲಿ ಇಂಟೆಲ್ ಕಂಪನಿಯು ಇಂಥ ತೆಳು ಯಂತ್ರಗಳಿಗೆ ‘ಅಲ್ಟ್ರಾಬುಕ್’ ಎಂಬ ಹೆಸರನ್ನೇ ಇಟ್ಟಿತು.

ದೊಡ್ಡ ಕಚೇರಿಗಳು ಇವನ್ನು ನೂರುಗಟ್ಟಲೆ ಖರೀದಿಸುತ್ತವೆ, ಇಲ್ಲವೆ ಗುತ್ತಿಗೆಯ ಮೇಲೆ ತರಿಸುತ್ತವೆ. ಮೂರು, ನಾಲ್ಕು ವರ್ಷಗಳಾದೊಡನೆ, ಕೆಟ್ಟಿರಲಿ ಬಿಡಲಿ, ಎಲ್ಲವನ್ನೂ ಒಟ್ಟಾಗಿ ಹೊರಹಾಕುತ್ತವೆ. ಮುಲುಂಡಿನಿಂದ ಖಾರಿಯ ಮೇಲಿನ ಸೇತುವೆಯನ್ನು ದಾಟಿದರೆ ಸಿಗುವ ಐರೋಲಿಯ ಗಾಜಿನ ಸೌಧಗಳನ್ನೂ ಪವಯಿಯ ಕಚೇರಿಗಳನ್ನೂ ಬಲ್ಲವರಿಗೆ ಇಂಥ ಯಂತ್ರಗಳ ಸಂಖ್ಯೆಯನ್ನು ಊಹಿಸುವುದು ಕಷ್ಟವಲ್ಲ. ಹೀಗೆ ಹೊರಬಿದ್ದ ಮಾಲು ವ್ಯಾಪಾರಿಗಳ ಮೂಲಕ ಲ್ಯಾಮಿಂಗ್ಟನ್ ರಸ್ತೆಗೆ ಬರುತ್ತದೆ. ಈ ರಸ್ತೆಯ ಅಧಿಕೃತ ನಾಮವು ಡಾ. ದಾದಾಸಾಹೇಬ ಭಡಕಮಕರ ಮಾರ್ಗವಾದರೂ ಹಳೆಯ ಹೆಸರು ಜನರ ನಾಲಗೆಯನ್ನು ಬಿಟ್ಟಿಲ್ಲ. ಮುಲುಂಡಿನವರು ದಾದರಿನಲ್ಲಿ ಇಳಿದು, ಪಶ್ಚಿಮ ರೈಲ್ವೆಯ ಗಾಡಿಯನ್ನು ಹಿಡಿದು, ಗ್ರಾಂಟ್ ರೋಡಿನಲ್ಲಿ ಇಳಿದರೆ ಕಾಲ್ನಡಿಗೆಯ ದೂರ.

ಎರಡು ವರ್ಷಗಳ ಹಿಂದೆ ನಮ್ಮ ಮನೆಗೂ ಅಂಥದೊಂದು ಯಂತ್ರವು ಅಲ್ಲಿಂದಲೇ ಬಂದಿತು. ಕಾಲೇಜಿಗೆ ಸೇರಿದ ಮಗಳಿಗೆ ಅದು ಅವಶ್ಯವಾಗಿತ್ತು. ಕಾಲೇಜಿನ ಶುಲ್ಕವನ್ನು ಕಟ್ಟಿದ ಬಳಿಕ ಕೈಯಲ್ಲಿ ಉಳಿದಿದ್ದುದು ಹದಿನೈದು ಸಾವಿರ ರೂಪಾಯಿ. ಯಂತ್ರಕ್ಕೆ ಹನ್ನೆರಡು ಸಾವಿರ ಹಿಡಿಯಿತು. ಮುಚ್ಚಳದ ಮೇಲೆ ಯಾವುದೋ ಕಚೇರಿಯ ಆಸ್ತಿಯ ಸಂಖ್ಯೆಯನ್ನು ಅಂಟಿಸಿ ಕಿತ್ತ ಗುರುತು ಇಂದಿಗೂ ಇದೆ. ಮಗಳು ಅದನ್ನು ಉಜ್ಜಿ ತೆಗೆಯಲಿಲ್ಲ. ಹಿಂದೆ ಫೋರ್ಟಿನ ಪಾದಚಾರಿ ದಾರಿಯಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕಗಳನ್ನು ಕೊಂಡು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ನಮ್ಮವರಲ್ಲಿ ಎಷ್ಟೋ ಜನ. ಆ ಪುಸ್ತಕಗಳ ಮೇಲೂ ಮೊದಲಿನ ಒಡೆಯನ ಹೆಸರಿರುತ್ತಿತ್ತು. ಅದರಿಂದ ಒಳಗಿನ ವಿದ್ಯೆಗೆ ಯಾವ ಕುಂದೂ ಬರಲಿಲ್ಲ.

ತೆರೆಯಲು ಬರುವ ಪೆಟ್ಟಿಗೆ

ಒಡೆತನವೆಂದರೆ ಹಣ ಕೊಟ್ಟು ರಸೀದಿ ಪಡೆಯುವುದಷ್ಟೆ ಅಲ್ಲವೆಂಬುದು ಹಳೆಯ ಯಂತ್ರವನ್ನು ಸಾಕಿದವರಿಗೆ ಬೇಗನೆ ಮನವರಿಕೆಯಾಗುತ್ತದೆ. ಯಾವುದನ್ನು ತೆರೆದು ನೋಡಬಹುದೊ, ಕೆಟ್ಟ ಭಾಗವನ್ನು ಬದಲಿಸಬಹುದೊ, ಅದು ನಿಜಕ್ಕೂ ನಮ್ಮದು. ತೆರೆಯಲು ಬಾರದುದನ್ನು ನಾವು ಬಳಸುತ್ತಿದ್ದೇವೆ ಎನ್ನಬಹುದು, ನಮ್ಮದೆನ್ನುವುದು ಕಷ್ಟ.

ಉದಾಹರಣೆಗೆ, ಥಿಂಕ್‌ಪ್ಯಾಡ್ ಎಕ್ಸ್ ಮಾಲಿಕೆಯ ವಂಶಾವಳಿಯನ್ನೇ ನೋಡಬಹುದು. 2011ರ ಎಕ್ಸ್220 ಯಂತ್ರದಲ್ಲಿ ಸ್ಮೃತಿಫಲಕ, ಅಂದರೆ ರ್‍ಯಾಮ್, ಕೂರಿಸಲು ಎರಡು ಖಾನೆಗಳಿದ್ದವು. ಬ್ಯಾಟರಿಯನ್ನು ಹಿಂಬದಿಯಿಂದ ಕೈಯಲ್ಲೇ ಕಳಚಬಹುದಾಗಿತ್ತು. 2013ರ ಎಕ್ಸ್240ರಲ್ಲಿ ರ್‍ಯಾಮಿನ ಖಾನೆ ಒಂದಕ್ಕೆ ಇಳಿಯಿತು. ಆದರೆ ಬ್ಯಾಟರಿಗಳು ಎರಡಾದವು: ಒಂದು ಒಳಗೆ, ಇನ್ನೊಂದು ಹೊರಗೆ. ಒಳಗಿನದು ಯಂತ್ರವನ್ನು ನಡೆಸುತ್ತಿರುವಾಗಲೇ ಹೊರಗಿನದನ್ನು ತೆಗೆದು, ತುಂಬಿದ ಬೇರೊಂದನ್ನು ಹಾಕಬಹುದು. ಹನ್ನೆರಡೂವರೆ ಅಂಗುಲದ ಪರದೆಯ ಈ ಏರ್ಪಾಡು 2017ರ ಎಕ್ಸ್270ರವರೆಗೂ ನಡೆದುಬಂದಿತು. 2018ರ ಎಕ್ಸ್280 ಇನ್ನಷ್ಟು ತೆಳುವಾಯಿತು, ಹಗುರವಾಯಿತು. ಆದರೆ ಅದರ ರ್‍ಯಾಮನ್ನು ಮೂಲ ಫಲಕಕ್ಕೇ ಬೆಸೆದುಬಿಟ್ಟರು, ಹೊರಗಿನ ಬ್ಯಾಟರಿಯೂ ಹೋಯಿತು. ಇದು ಒಂದೇ ಕಂಪನಿಯ ಕಥೆಯಲ್ಲ; ಇಡೀ ಉದ್ಯಮವೇ ಆ ದಿಕ್ಕಿಗೆ ನಡೆಯಿತು. ತೆಳುತನಕ್ಕೆ ತೆತ್ತ ಬೆಲೆಯು ದುರಸ್ತಿಯ ಸ್ವಾತಂತ್ರ್ಯ.

ಈ ಮಾತಿಗೆ ನಮ್ಮ ನಾಡಿನದೇ ಆದ ಒಂದು ಹೋಲಿಕೆಯಿದೆ. ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯು ಪ್ರಾರಂಭವಾಯಿತು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ತೀರ್ಮಾನಿಸಿತು. ಕಂಪನಿಯು ಮುಚ್ಚಿತೆಂದು ಹಿರಿಯರ ಮಣಿಕಟ್ಟಿನ ಮೇಲಿನ ಗಡಿಯಾರವು ಆ ದಿನ ನಿಂತುಹೋಗಲಿಲ್ಲ. ಕೀಲಿ ಕೊಟ್ಟರೆ ಅದು ಇಂದಿಗೂ ನಡೆಯುತ್ತದೆ. ನಿಂತರೆ ಮುಚ್ಚಳವನ್ನು ತೆರೆದು ಸರಿಪಡಿಸುವ ಕೈಗಳು ಬೀದಿಯ ಮೂಲೆಯಲ್ಲಿವೆ. ತಯಾರಿಸಿದವರ ಆಯುಷ್ಯಕ್ಕೂ ತಯಾರಾದ ವಸ್ತುವಿನ ಆಯುಷ್ಯಕ್ಕೂ ಗಂಟು ಹಾಕಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊಳ್ಳುವ ಮುನ್ನ

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ನಾವು ಹೇಳಹೊರಟಿಲ್ಲ. ಅಗ್ಗವೆಂದು ಮುಗ್ಗಲು ಜೋಳವನ್ನು ಕೊಂಡಂತೆ ಆಗಬಾರದು. ಅಂಗಡಿಯಲ್ಲಿ ಅರ್ಧ ಗಂಟೆಯನ್ನು ನಿಸ್ಸಂಕೋಚವಾಗಿ ವ್ಯಯಿಸಬೇಕು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ, ಅದರ ಮೂಲ ವ್ಯವಸ್ಥೆಯಾದ ಬಯೋಸ್ ಒಳಗೆ ಹೋಗಿ ನೋಡಬೇಕು. ಅಲ್ಲಿ ಹಿಂದಿನ ಕಚೇರಿಯ ಗುಪ್ತಪದವು ಉಳಿದಿದ್ದರೆ ಅಂಥ ಯಂತ್ರವನ್ನು ಮುಟ್ಟದಿರುವುದು ಕ್ಷೇಮ. ಅದು ಬೇರೆಯವರ ಬೀಗ ಹಾಕಿದ ಮನೆಯಿದ್ದಂತೆ. ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಬೇಕು. ಪರದೆಯ ಮೇಲೆ ಪೂರ್ಣ ಬಿಳಿಯನ್ನೂ ಪೂರ್ಣ ಕಪ್ಪನ್ನೂ ತರಿಸಿ ಕಲೆಗಳನ್ನು ಪರೀಕ್ಷಿಸಬೇಕು. ಮುಚ್ಚಳದ ಕೀಲುಗಳು ಸಡಿಲವಾಗಿರಬಾರದು.

ಬ್ಯಾಟರಿಯ ವಿಷಯದಲ್ಲಿ ಮಾರುವವನ ಬಾಯಿಮಾತು ಸಾಲದು. ಹೊಸದಾಗಿದ್ದಾಗ ಅದು ಹಿಡಿಯುತ್ತಿದ್ದ ವಿದ್ಯುತ್ತೆಷ್ಟು, ಈಗ ಹಿಡಿಯುವುದೆಷ್ಟು ಎಂಬ ಲೆಕ್ಕವನ್ನು ಯಂತ್ರವೇ ಹೇಳುತ್ತದೆ. ವಿಂಡೋಸ್ ಇದ್ದರೆ ಬ್ಯಾಟರಿ ರಿಪೋರ್ಟನ್ನು ತೆಗೆದು ತೋರಿಸೆಂದು ಕೇಳಬೇಕು. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಜಾಣತನ. ಉಬ್ಬಿದ ಬ್ಯಾಟರಿಯು ಅಪಾಯಕರ. ಅದನ್ನು ಒತ್ತಬಾರದು, ಚುಚ್ಚಬಾರದು, ಮನೆಯ ಕಸದ ಡಬ್ಬಿಗೆ ಹಾಕಬಾರದು. ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್.ಎಸ್.ಡಿ. ಹಾಕಿಸುವುದು, ರ್‍ಯಾಮನ್ನು ಎಂಟು ಜಿ.ಬಿ.ಗೆ ಏರಿಸುವುದು, ಈ ಎರಡರಿಂದ ಮುದಿ ಯಂತ್ರಕ್ಕೆ ಮರಳಿ ಯೌವನ ಬಂದಂತಾಗುತ್ತದೆ. ವರ್ಷಕ್ಕೊಮ್ಮೆ ಪಂಖದ ಧೂಳನ್ನು ತೆಗೆಸಿದರೆ ಅದು ಬಿಸಿಯಾಗಿ ಬಳಲುವುದಿಲ್ಲ. ನಮ್ಮ ಮನೆಯ ಯಂತ್ರಕ್ಕೆ ಈ ಎರಡು ವರ್ಷಗಳಲ್ಲಿ ಒಂದು ಬ್ಯಾಟರಿ, ಒಂದು ಬಾರಿ ಧೂಳು ತೆಗೆಸಿದ ಕೂಲಿ, ಇಷ್ಟೇ ಖರ್ಚು ಬಂದಿದೆ.

ಅಕ್ಟೋಬರ್ 14ರ ಪ್ರಶ್ನೆ

ಇಷ್ಟರವರೆಗೆ ಹೇಳಿದ್ದು ಕಬ್ಬಿಣ, ಪ್ಲಾಸ್ಟಿಕ್ಕಿನ ಮಾತು. ನಿಜವಾದ ಸಂಕಟವು ಬಂದದ್ದು ಬೇರೆ ಕಡೆಯಿಂದ. 2015ರಲ್ಲಿ ಹೊರಬಂದ ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಯಂತ್ರಗಳಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರೂ ಬೇಕು. ಮೇಲೆ ಹೇಳಿದ ವಂಶಾವಳಿಗೆ ಈ ಗೆರೆಯನ್ನು ಅನ್ವಯಿಸಿದರೆ ವಿಚಿತ್ರವೊಂದು ಕಾಣುತ್ತದೆ. ರ್‍ಯಾಮನ್ನು ಬದಲಿಸಬಹುದಾದ, ಬ್ಯಾಟರಿಯನ್ನು ಕಳಚಬಹುದಾದ ಎಕ್ಸ್270 ಗೆರೆಯ ಹೊರಗೆ. ರ್‍ಯಾಮನ್ನು ಬೆಸೆದ ಎಕ್ಸ್280 ಗೆರೆಯ ಒಳಗೆ. ದುರಸ್ತಿಗೆ ಯೋಗ್ಯವಾದುದೇ ಅಯೋಗ್ಯವೆನಿಸಿಕೊಂಡಿತು.

ಕಂಪನಿಯ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದಲ್ಲ. ಕಳ್ಳರು ಹೊಸ ಹೊಸ ಕನ್ನಗಳನ್ನು ಹುಡುಕುತ್ತಿರುವಾಗ ಹಳೆಯ ಬಾಗಿಲನ್ನು ಅನಂತಕಾಲ ಕಾಯುತ್ತಿರೆಂದು ಯಾರನ್ನೂ ಬಲವಂತಪಡಿಸಲಾಗದು. ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಭದ್ರತಾ ವಿಸ್ತರಣೆಯನ್ನೂ ಅದು ನೀಡಿತು. ಆದರೆ ಬೆಂಬಲದ ಕೊನೆಯನ್ನು ಯಂತ್ರದ ಕೊನೆಯೆಂದು ಸಾರ್ವಜನಿಕರು ತಿಳಿದುಕೊಂಡಲ್ಲಿ ಅನರ್ಥವಾಗುತ್ತದೆ. ನಮ್ಮ ನೆರೆಮನೆಯ ಹಿರಿಯ ಮಹಿಳೆಯೊಬ್ಬರು ಈ ಸುದ್ದಿಯನ್ನು ಕೇಳಿ, “ಅದನ್ನು ಭಂಗಾರದವನಿಗೆ ಕೊಟ್ಟು, ಕಂತಿನ ಮೇಲೆ ಹೊಸದೊಂದನ್ನು ತೆಗೆದುಕೊಡಬಾರದೆ, ಅಣ್ಣಾ?” ಎಂದು ಅಂತಃಕರಣದಿಂದಲೇ ಕೇಳಿದರು. ಉತ್ತರವನ್ನು ಕೊಟ್ಟವಳು ನಮ್ಮ ಮಗಳು: “ದೊಡ್ಡಮ್ಮಾ, ಅದರಲ್ಲಿ ಕೆಟ್ಟಿರುವುದು ಏನೂ ಇಲ್ಲ. ಅದರ ತಾರೀಖು ಮುಗಿದಿದೆ, ಅಷ್ಟೆ.”

ತಾರೀಖು ಮುಗಿದ ಯಂತ್ರಕ್ಕೆ ಬೇರೆ ದಾರಿಯುಂಟು. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಜಗತ್ತಿನ ಸಹಸ್ರಾರು ಜನರ ಸಹಕಾರದಿಂದ ಬೆಳೆದು ನಿಂತಿದೆ. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮುಂತಾದ ಅದರ ರೂಪಗಳನ್ನು ಹಣ ಕೊಡದೆ ಪಡೆಯಬಹುದು. ಪೆನ್ ಡ್ರೈವಿನಿಂದಲೇ ನಡೆಸಿ, ಪರದೆ, ಧ್ವನಿ, ವೈಫೈ ಸರಿಯಾಗಿವೆಯೆ ಎಂದು ನೋಡಿ, ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸಬಹುದು. ಸ್ಥಾಪಿಸುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡುವುದು ಅತ್ಯವಶ್ಯ. ಬರವಣಿಗೆ, ಓದು, ಪತ್ರವ್ಯವಹಾರ, ಚಲನಚಿತ್ರ, ಕಾಲೇಜಿನ ಪ್ರೋಗ್ರಾಮಿಂಗ್ ಪಾಠ, ಇವಕ್ಕೆಲ್ಲ ಕೊರತೆಯಿಲ್ಲ.

ಕೊರತೆಯಿರುವ ಕಡೆಗಳನ್ನೂ ಹೇಳದಿದ್ದರೆ ವಾಚಕರಿಗೆ ಅನ್ಯಾಯ ಮಾಡಿದಂತೆ. ನಮ್ಮ ಹೋಟೆಲಿನವರೂ ವ್ಯಾಪಾರಿಗಳೂ ಲೆಕ್ಕಪತ್ರಕ್ಕೆ ಬಳಸುವ, ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯು ವಿಂಡೋಸಿಗಾಗಿ ರಚಿತವಾದುದು. ಮೇಲ್ವಿಚಾರಣೆಯೊಡನೆ ಮನೆಯಿಂದ ಬರೆಯುವ ಕೆಲವು ಪರೀಕ್ಷೆಗಳೂ ವಿಂಡೋಸನ್ನೇ ಬೇಡುತ್ತವೆ. ಅಂಥ ದಿನಗಳಲ್ಲಿ ನಮ್ಮ ಮಗಳು ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರನ್ನು ಆಶ್ರಯಿಸುತ್ತಾಳೆ. ಯಾರ ಉದ್ಯೋಗವು ಇಂಥ ಒಂದು ತಂತ್ರಾಂಶದ ಮೇಲೆ ನಿಂತಿದೆಯೊ ಅವರು ವಿಂಡೋಸ್ 11ಕ್ಕೆ ಅರ್ಹವಾದ, 2018ರ ಅನಂತರದ ಹಗುರ ಯಂತ್ರವನ್ನೇ ಹುಡುಕುವುದು ಯುಕ್ತ. ಅವೂ ಈಗ ಹಳೆಯ ಮಾಲಿನ ಪೇಟೆಗೆ ಬಂದಿವೆ. ಬೆಸೆದ ರ್‍ಯಾಮು ಮುಂದೆ ಬೆಳೆಯದಾದ ಕಾರಣ, ಕೊಳ್ಳುವಾಗಲೇ ಸಾಕಷ್ಟಿದೆಯೆ ಎಂದು ನೋಡಿಕೊಳ್ಳಬೇಕು.

ಕನ್ನಡದ ಅಕ್ಷರಗಳ ಗತಿ

ಪರನಾಡಿನ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆಯೂ ಸಹಜ: ಈ ಬದಲಾವಣೆಯಲ್ಲಿ ನಮ್ಮ ಅಕ್ಷರಗಳ ಗತಿಯೇನು? ಕಂಪ್ಯೂಟರಿನಲ್ಲಿ ಕನ್ನಡದ ಕಥೆಗೂ ಮುಂಬಯಿಗೂ ಹಳೆಯ ನಂಟಿದೆ. ಇಲ್ಲಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದ ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಾವೆಲ್ಲ ಕೆ.ಪಿ. ರಾವ್ ಎಂದು ಬಲ್ಲವರು, ಧ್ವನಿಯನ್ನು ಅನುಸರಿಸುವ ಸುಲಭ ಕೀಲಿಮಣೆಯ ವಿನ್ಯಾಸವನ್ನು ಕನ್ನಡಕ್ಕೆ ಒದಗಿಸಿದರು. ‘ಕ’ ಒತ್ತಲು ಇಂಗ್ಲಿಷಿನ ಕೆ, ‘ಗ’ ಒತ್ತಲು ಜಿ ಎಂಬ ಆ ಕ್ರಮವೇ ಮುಂದೆ ‘ನುಡಿ’ಯ ವಿನ್ಯಾಸಕ್ಕೆ ಆಧಾರವಾಯಿತು. ಶೇಷಾದ್ರಿ ವಾಸು ಅವರ ‘ಬರಹ’ವು 1998ರಲ್ಲಿ ಬಂದು ಪರದೇಶಗಳ ಕನ್ನಡಿಗರ ಮನೆಗಳನ್ನೂ ಹೊಕ್ಕಿತು.

ಆಗಿನ ಕಡತಗಳಲ್ಲಿ ಒಂದು ತೊಡಕಿದೆ. ಅವುಗಳಲ್ಲಿ ಅನೇಕವು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗೋಜಲು ಕಾಣುತ್ತದೆ. ನಮ್ಮ ಸಂಘಸಂಸ್ಥೆಗಳ ಕಾರ್ಯದರ್ಶಿಗಳ ಬಳಿ ಇಪ್ಪತ್ತು ವರ್ಷಗಳ ವರದಿಗಳು, ಆಮಂತ್ರಣಗಳು, ಸದಸ್ಯರ ಯಾದಿಗಳು ಇದೇ ಸ್ಥಿತಿಯಲ್ಲಿವೆ. ಹಳೆಯ ವಿಂಡೋಸ್ ಯಂತ್ರವನ್ನು ಬೀಳ್ಕೊಡುವ ಮೊದಲು ಅವನ್ನೆಲ್ಲ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದು, ತಪ್ಪುಗಳನ್ನು ತಿದ್ದಿ, ಎರಡು ಕಡೆ ಉಳಿಸಿಡಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ. ಯಂತ್ರ ಹೋದರೆ ಇನ್ನೊಂದು ಬಂದೀತು. ಸಂಘದ ಇತಿಹಾಸವು ಹೋದರೆ ಬಾರದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಹಾಗೆ ಬರೆದುದು ವಿಂಡೋಸಿನಲ್ಲಾಗಲಿ, ಲಿನಕ್ಸಿನಲ್ಲಾಗಲಿ, ಮೊಬೈಲಿನಲ್ಲಾಗಲಿ ಕನ್ನಡವಾಗಿಯೇ ಕಾಣುತ್ತದೆ. ಲಿನಕ್ಸಿನಲ್ಲಿ ಲೋಹಿತ್, ನೋಟೊ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳು ದೊರೆಯುತ್ತವೆ. ‘ಕಗಪ’ ಎಂಬ ಹೆಸರಿನಲ್ಲಿ ಮೇಲೆ ಹೇಳಿದ ಬಗೆಯ ಕೀಲಿಮಣೆಯೂ ದೊರೆಯುತ್ತದೆ. ನಮ್ಮ ಮನೆಯ ಯಂತ್ರದಲ್ಲಿ ರಾತ್ರಿ ಮಗಳ ಪಾಠ ಮುಗಿದ ಮೇಲೆ ಅವಳ ಅಜ್ಜಿಯು ಊರಿನ ತಂಗಿಗೆ ಕಾಗದ ಬರೆಯುವುದು ಈ ಕೀಲಿಮಣೆಯಿಂದಲೇ. ಮರಾಠಿ, ಇಂಗ್ಲಿಷುಗಳಲ್ಲಿ ಓದಿದ ಮೊಮ್ಮಗಳು ಅಜ್ಜಿಗೆ ಯಂತ್ರವನ್ನು ಕಲಿಸಿದಳು. ಒತ್ತಕ್ಷರಗಳನ್ನು ಅಜ್ಜಿಯು ಮೊಮ್ಮಗಳಿಗೆ ಕಲಿಸುತ್ತಿದ್ದಾರೆ.

ಕಸದ ಗುಡ್ಡದ ನೆರೆಯವರು

ಎಸೆದರೆ ಏನಾಗುತ್ತದೆ ಎಂಬುದನ್ನು ಮುಲುಂಡಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಪೂರ್ವ ಭಾಗದಲ್ಲಿ ದಶಕಗಳ ಕಾಲ ಮಹಾನಗರದ ಕಸವು ಬಂದು ಬೀಳುತ್ತಿತ್ತು. 2018ರಲ್ಲಿ ಮಹಾನಗರಪಾಲಿಕೆಯು ಆ ಕಸದ ಮೈದಾನವನ್ನು ಮುಚ್ಚಿತು. ರಾಶಿಬಿದ್ದ ಹಳೆಯ ಕಸವನ್ನು ಅಗೆದು ಬೇರ್ಪಡಿಸುವ ಕಾರ್ಯವನ್ನು ಗುತ್ತಿಗೆಗೆ ವಹಿಸಿತು. ನಾಲ್ಕು ಕ್ಷಣದಲ್ಲಿ ಎಸೆದುದನ್ನು ಬೇರ್ಪಡಿಸಲು ವರ್ಷಗಳೇ ಬೇಕಾಗುತ್ತವೆ ಎಂಬ ಪಾಠವನ್ನು ಆ ಗುಡ್ಡವು ನಮಗೆ ಕಲಿಸಿದೆ.

ಯಂತ್ರಗಳ ಕಸವಂತೂ ಸಾಮಾನ್ಯ ಕಸವಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ನುಗಳಷ್ಟು ಇ-ತ್ಯಾಜ್ಯವು ಉತ್ಪನ್ನವಾಯಿತು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಈ ಫಲಕಗಳಲ್ಲಿ ಅಲ್ಪ ಪ್ರಮಾಣದ ಚಿನ್ನವೂ ಇದೆ. ಭಂಗಾರದಲ್ಲಿ ನಿಜವಾಗಿಯೇ ಬಂಗಾರ! ಆದರೆ ಅದನ್ನು ಆಮ್ಲದಲ್ಲಿ ಅದ್ದಿ, ತಂತಿಗಳನ್ನು ಸುಟ್ಟು ತೆಗೆಯುವ ಬಡ ಕೂಲಿಕಾರರ ಶ್ವಾಸಕೋಶಗಳು ಅದಕ್ಕೆ ಬೆಲೆ ತೆರುತ್ತವೆ. ಭಾರತ ಸರಕಾರದ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಗ್ರಾಹಕರಿಗೆ ದುರಸ್ತಿಯ ಹಕ್ಕು ಇರಬೇಕೆಂಬ ವಿಚಾರಕ್ಕೆ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯು 2022ರ ಜುಲೈಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಕಾನೂನಿಗಿಂತ ಮೊದಲು ಮಾಡಬಹುದಾದ ಕೆಲಸವು ಮನೆಯಲ್ಲಿಯೇ ಇದೆ: ನಡೆಯುವ ಯಂತ್ರವನ್ನು ನಡೆಯಿಸುವುದು.

ನಿಜಕ್ಕೂ ಕೈಲಾಗದಾದಾಗ ಅದನ್ನು ಬೀದಿಯ ಕೈಗಾಡಿಗೆ ಹಾಕದೆ, ಒಳಗಿನ ಮಾಹಿತಿಯನ್ನು ಅಳಿಸಿ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ನಾಗರಿಕರ ಕರ್ತವ್ಯ. ಅದಕ್ಕೂ ಮೊದಲು ಇನ್ನೊಂದು ಮಾತನ್ನು ಸಂಘಗಳ ಮುಂದಿಡಲಿಚ್ಛಿಸುತ್ತೇವೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಹಂಚುವ ಪದ್ಧತಿಯು ನಮ್ಮ ಅನೇಕ ಸಂಸ್ಥೆಗಳಲ್ಲಿದೆ. ಸದಸ್ಯರ ಕಪಾಟುಗಳಲ್ಲಿ ನಿದ್ರಿಸುತ್ತಿರುವ ಹಳೆಯ ಹಗುರ ಲ್ಯಾಪ್‌ಟಾಪುಗಳನ್ನು ಒಟ್ಟುಗೂಡಿಸಿ, ಎಸ್.ಎಸ್.ಡಿ. ಹಾಕಿಸಿ, ಕನ್ನಡ ಬರುವ ಲಿನಕ್ಸನ್ನು ಸ್ಥಾಪಿಸಿ ಅದೇ ಸಮಾರಂಭದಲ್ಲಿ ಕೊಟ್ಟರೆ ಹೇಗೆ? ಕಂಪ್ಯೂಟರ್ ಬಲ್ಲ ಯುವಕರು ಪ್ರತಿ ಸಂಘದಲ್ಲೂ ಇದ್ದಾರೆ. ಎರಡು ಭಾನುವಾರಗಳ ಕೆಲಸ. ದೊಡ್ಡ ಪರದೆಯ ಭಾರದ ಯಂತ್ರಗಳೂ ಮನೆಯಲ್ಲೇ ಓದುವ ಮಕ್ಕಳಿಗೆ ಪ್ರಯೋಜನಕ್ಕೆ ಬಂದಾವು. ಹಗುರವಾದುವನ್ನು ಮಾತ್ರ ಗಾಡಿಯಲ್ಲಿ ಓಡಾಡುವ ಮಕ್ಕಳಿಗಾಗಿ ತೆಗೆದಿಡಬೇಕು.

ಒಂದು ವಸ್ತುವು ಭಂಗಾರವೊ ಬಂಗಾರವೊ ಎಂಬುದನ್ನು ಅದರ ವಯಸ್ಸಾಗಲಿ, ತಯಾರಕರ ತಾರೀಖಾಗಲಿ ನಿರ್ಣಯಿಸುವುದಿಲ್ಲ. ಅದನ್ನು ತೆರೆದು ನೋಡುವ ಕೈ, ಸರಿಪಡಿಸುವ ಬುದ್ಧಿ ಮತ್ತು ಅದರಿಂದ ದುಡಿಸಿಕೊಳ್ಳುವ ಅವಶ್ಯಕತೆ ನಿರ್ಣಯಿಸುತ್ತವೆ. ಮೊದಲೆರಡನ್ನು ಕಲಿಯಬಹುದು. ಮೂರನೆಯದು ದುಡಿಮೆಗಾಗಿ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಎಂದೂ ಕಡಮೆಯಾದುದಿಲ್ಲ.